ಬತ್ತಿದ ನದಿಯ ಕೇಸ್ ಷೀಟು
(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಓದುಬಳಗದ ಪರವಾಗಿ ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ತುಂಬಿದ ಈ ಸಂಭ್ರಮದಲ್ಲಿ ನಮ್ಮ ಓದುಬಳಗಕ್ಕೂ ಅರ್ಧ ಗಂಟೆ ಬಿಟ್ಟುಕೊಟ್ಟಿದ್ದಾರೆ. ‘ನಾವು’ ಎಂದರೆ ತಿಂಗಳಿಗೊಂದು ಶನಿವಾರ ಯಾರಾದರೊಬ್ಬರ ಮನೆಯಲ್ಲಿ ಸೇರಿ, ಅರ್ಧ ಹೊತ್ತು ಓದಿ ಇನ್ನರ್ಧ ಹೊತ್ತು ತಿಂದು ಹೋಗುವ ಏಳು ಮನೆಯವರು. ನಮ್ಮಲ್ಲಿ ಎಂಜಿನಿಯರುಗಳಿದ್ದಾರೆ, ಲೆಕ್ಕಿಗರಿದ್ದಾರೆ, ಗೃಹಿಣಿಯರಿದ್ದಾರೆ, ಒಬ್ಬರು ನಿವೃತ್ತ ಹೈಸ್ಕೂಲು ಮೇಷ್ಟ್ರಿದ್ದಾರೆ. ಮಾತನಾಡುವ ಕೆಲಸ ಮಾತ್ರ ವೈದ್ಯರ ಪಾಲಿಗೆ ಬಂತು. ‘ನಿಮ್ಮ ಕೈಬರಹ ಯಾರಿಗೂ ತಿಳಿಯುವುದಿಲ್ಲ, ಆದ್ದರಿಂದ ಬಾಯಲ್ಲೇ ಹೇಳಿಬಿಡಿ’ ಎಂಬುದು ಬಳಗದ ಅಪ್ಪಣೆ!

ವಿಷಯ, ನದಿಗಳದ್ದು. ಹರಿಯುವ ನದಿಯದಲ್ಲ, ಹರಿದು ಹೋದ ನದಿಯದು. ಅದು ಬಿಟ್ಟುಹೋದ ಮರಳು, ಹೂಳು, ಜೇಡಿಗಳನ್ನು ನೋಡಿ ‘ಇಲ್ಲಿ ಎಂಥ ನದಿ ಇತ್ತು, ಯಾವಾಗ ಇತ್ತು, ಏಕೆ ಹೋಯಿತು’ ಎಂದು ಹೇಳುವ ವಿದ್ಯೆಯದು. ನಮಗೂ ಇದಕ್ಕೂ ಏನು ಸಂಬಂಧ ಎಂದು ನೀವು ಕೇಳುವುದು ಸಹಜ. ಅದಕ್ಕೆ ಉತ್ತರ ಒಂದು ಜಗಳದಲ್ಲಿದೆ.

ಜಗಳದ ಹುಟ್ಟು

ಎರಡು ವರ್ಷಗಳ ಹಿಂದೆ ಬಳಗದ ಒಬ್ಬರ ಮಗಳು ಶಾಲೆಯ ಪ್ರಾಜೆಕ್ಟಿಗಾಗಿ ಒಂದು ಪ್ರಶ್ನೆ ತಂದಳು. ಹತ್ತನೆಯ ತರಗತಿಯ ಹುಡುಗಿ. ‘ಸರಸ್ವತಿ ನದಿ ನಿಜವಾಗಿ ಇತ್ತಾ?’ ಮೇಷ್ಟ್ರು ಹೇಳಿದರು: ‘ಇತ್ತು ಮಗೂ, ಹಿಮಾಲಯದಿಂದ ಸಮುದ್ರದವರೆಗೆ ಹರಿಯುತ್ತಿತ್ತು. ಅದರ ದಡದಲ್ಲೇ ಹರಪ್ಪದವರ ಊರುಗಳು ಹುಟ್ಟಿದ್ದು.’ ನಮ್ಮ ಎಂಜಿನಿಯರ್ ಗೆಳೆಯರು ನಕ್ಕು, ‘ಅದೆಲ್ಲ ಕಟ್ಟುಕಥೆ ಪುಟ್ಟಾ, ಅಲ್ಲಿ ಇರುವುದು ಒಂದು ಮಳೆಗಾಲದ ಹಳ್ಳ’ ಎಂದರು. ಮಾತಿಗೆ ಮಾತು ಬೆಳೆಯಿತು. ಆ ಸಂಜೆ ಬಿಸಿಬೇಳೆಭಾತು ಆರಿ ಹೋಯಿತು. ಎರಡು ಮನೆಗಳವರು ಮೂರು ತಿಂಗಳು ಮಾತು ಬಿಟ್ಟರು. ಪರದೇಶದಲ್ಲಿ ಏಳು ಮನೆಯ ಬಳಗದಲ್ಲಿ ಎರಡು ಮನೆ ಮಾತು ಬಿಟ್ಟರೆ ಏನಾಗುತ್ತದೆಂಬುದು ಇಲ್ಲಿರುವ ಎಲ್ಲರಿಗೂ ಗೊತ್ತು.

ಹುಡುಗಿ ಮಾತ್ರ ಬಿಡಲಿಲ್ಲ. ‘ತಾತ ಒಂದು ಹೇಳ್ತಾರೆ, ಅಂಕಲ್ ಒಂದು ಹೇಳ್ತಾರೆ. ಇಬ್ಬರೂ ನೆಲ ಅಗೆದು ನೋಡಿಲ್ಲವಲ್ಲ! ಅಗೆದವರು ಏನು ಹೇಳ್ತಾರೆ?’ ಎಂದಳು. ಈ ಮಾತು ನಮಗೆ, ಅದರಲ್ಲೂ ವೈದ್ಯರಾದ ನಮಗೆ, ಚುಚ್ಚಿತು. ಅಂದಿನಿಂದ ಓದತೊಡಗಿದೆವು.

ಬಾಟಲಿಯಲ್ಲಿ ನದಿ

ಮೊದಲ ಪಾಠ ಬಲು ಸುಲಭ. ಖಾಲಿಯಾದ ಪೀನಟ್ ಬಟರ್ ಬಾಟಲಿಗೆ ಹಿತ್ತಲಿನ ಒಂದು ಹಿಡಿ ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಇಟ್ಟುಬಿಡಿ. ಕಲ್ಲುಹರಳು ಕ್ಷಣದಲ್ಲಿ ತಳ ಸೇರುತ್ತದೆ. ಮರಳು ಅದರ ಹಿಂದೆಯೇ ಇಳಿಯುತ್ತದೆ. ನವಿರಾದ ಹೂಳಿಗೆ ಗಂಟೆಗಳು ಬೇಕು. ಜೇಡಿಯಂತೂ ಮಾರನೆಯ ದಿನವೂ ನೀರನ್ನು ಕಲಕಿಯೇ ಇಟ್ಟಿರುತ್ತದೆ.

ಇದರ ಲೆಕ್ಕವನ್ನು 1851ರಲ್ಲಿ ಜಾರ್ಜ್ ಸ್ಟೋಕ್ಸ್ ಎಂಬ ಗಣಿತಜ್ಞರು ಬರೆದಿಟ್ಟರು. ಸಣ್ಣ ಕಣಗಳಲ್ಲಿ ಗಾತ್ರ ಎರಡರಷ್ಟಾದರೆ ಇಳಿಯುವ ವೇಗ ನಾಲ್ಕರಷ್ಟಾಗುತ್ತದೆ. ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟಿರುವ ಮರಳಿನ ಕಣ ನಿಂತ ನೀರಿನಲ್ಲಿ ಒಂದು ಅಡಿ ಇಳಿಯಲು ಒಂದು ನಿಮಿಷವೂ ಬೇಡ. ಅದರ ಐವತ್ತನೆಯ ಒಂದು ಭಾಗದಷ್ಟಿರುವ ಜೇಡಿಯ ಕಣಕ್ಕೆ ಅದೇ ಒಂದಡಿಗೆ ಸುಮಾರು ಒಂದು ದಿನ ಹಿಡಿಯುತ್ತದೆ.

ನಿಮ್ಮಲ್ಲಿ ಹಲವರು ರಕ್ತಪರೀಕ್ಷೆಯ ವರದಿಯಲ್ಲಿ ‘ಇ.ಎಸ್.ಆರ್.’ ಎಂಬುದನ್ನು ನೋಡಿರಬಹುದು. ಅದೂ ಇದೇ ವಿದ್ಯೆ. ರಕ್ತವನ್ನು ಉದ್ದನೆಯ ಕೊಳವೆಯಲ್ಲಿ ನಿಲ್ಲಿಸಿ, ಕೆಂಪುಕಣಗಳು ಒಂದು ಗಂಟೆಯಲ್ಲಿ ಎಷ್ಟು ಮಿಲಿಮೀಟರ್ ಇಳಿದವೆಂದು ಅಳೆಯುತ್ತೇವೆ. ಮೈಯಲ್ಲಿ ಉರಿಯೂತವಿದ್ದರೆ ಕಣಗಳು ನಾಣ್ಯ ಪೇರಿಸಿದಂತೆ ಒಂದಕ್ಕೊಂದು ಅಂಟಿ, ಭಾರವಾಗಿ, ಬೇಗ ಇಳಿಯುತ್ತವೆ. ನದಿಯ ಜೇಡಿಯೂ ಹಾಗೆಯೇ. ಸಿಹಿನೀರಿನಲ್ಲಿ ತೇಲುತ್ತಿದ್ದುದು ಸಮುದ್ರದ ಉಪ್ಪುನೀರು ಸೋಕಿದೊಡನೆ ಗುಂಪುಗೂಡಿ ತಳ ಸೇರುತ್ತದೆ. ನದೀಮುಖಗಳಲ್ಲಿ ಅಷ್ಟು ಕೆಸರು ಬೀಳುವುದಕ್ಕೆ ಇದೂ ಒಂದು ಕಾರಣ. ದಿನವೂ ಇ.ಎಸ್.ಆರ್. ಬರೆಸುವ ನಮಗೆ, ಅದು ಕಾವೇರಿಯ ಮುಖಜ ಭೂಮಿಯ ಕಥೆಯೂ ಹೌದೆಂದು ಇಷ್ಟು ವರ್ಷ ಹೊಳೆದೇ ಇರಲಿಲ್ಲ!

ಅಂದಮೇಲೆ, ಒಂದು ಕಡೆ ದಪ್ಪ ಗರಸು ಸಿಕ್ಕಿದರೆ ಅಲ್ಲಿ ನೀರು ರಭಸದಿಂದ ಹರಿದಿತ್ತು. ಮರಳು ಸಿಕ್ಕಿದರೆ ಹದವಾಗಿ ಹರಿದಿತ್ತು. ಜೇಡಿ ಸಿಕ್ಕಿದರೆ ನೀರು ಬಹುಮಟ್ಟಿಗೆ ನಿಂತಿತ್ತು. ವೇಗಕ್ಕೂ ಕಣದ ಗಾತ್ರಕ್ಕೂ ಇರುವ ನಂಟನ್ನು ಸ್ವೀಡನ್ನಿನ ಫಿಲಿಪ್ ಯೂಲ್‌ಸ್ಟ್ರೋಮ್ 1935ರಲ್ಲಿ ಒಂದು ನಕ್ಷೆಯಾಗಿ ಬರೆದರು. ಅದರಲ್ಲೊಂದು ಸ್ವಾರಸ್ಯವಿದೆ. ಒಮ್ಮೆ ಗಟ್ಟಿಯಾಗಿ ಕುಳಿತ ಜೇಡಿಯನ್ನು ಎಬ್ಬಿಸಲು ಮರಳನ್ನು ಎಬ್ಬಿಸುವುದಕ್ಕಿಂತ ಹೆಚ್ಚು ವೇಗ ಬೇಕು. ಚಿಕ್ಕದೆಲ್ಲ ಸುಲಭವಾಗಿ ಏಳುತ್ತದೆಂಬುದು ತಪ್ಪು. ಬೆಳಿಗ್ಗೆ ಶಾಲೆಗೆ ಮಕ್ಕಳನ್ನು ಎಬ್ಬಿಸುವ ತಾಯಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಒಂದರ ಮೇಲೊಂದು ಪದರ

ಎರಡನೆಯ ಪಾಠ, ಪದರಗಳ ಕ್ರಮ. ಬಳುಕಿ ಹರಿಯುವ ನದಿ ತಿರುವಿನ ಹೊರಮಗ್ಗುಲನ್ನು ಕೊರೆಯುತ್ತದೆ, ಒಳಮಗ್ಗುಲಿಗೆ ಮರಳು ಸುರಿಯುತ್ತದೆ. ಹೀಗೆ ಕೊರೆಯುತ್ತ ಸುರಿಯುತ್ತ ನದಿ ಪಕ್ಕಕ್ಕೆ ಸರಿಯುತ್ತದೆ. ಸರಿದ ಜಾಗದಲ್ಲಿ ಅಗೆದರೆ ತಳದಲ್ಲಿ ಗರಸು, ಅದರ ಮೇಲೆ ದಪ್ಪ ಮರಳು, ಅದರ ಮೇಲೆ ನಯ ಮರಳು, ಎಲ್ಲಕ್ಕೂ ಮೇಲೆ ನೆರೆಯ ನೀರು ಬಿಟ್ಟ ಹೂಳು. ಆ ಹೂಳಿನಲ್ಲಿ ಬೇರಿನ ಗುರುತು, ಬಿಸಿಲಿಗೆ ಒಡೆದ ಬಿರುಕು, ಸುಣ್ಣದ ಗಂಟು ಕಾಣುತ್ತವೆ. ಒಂದು ಕಾಲದಲ್ಲಿ ಅಕ್ಕಪಕ್ಕ ಇದ್ದ ಜಾಗಗಳು ಹೀಗೆ ಒಂದರ ಮೇಲೊಂದು ಬಂದು ಕೂರುತ್ತವೆ. ಇದನ್ನು ಜರ್ಮನಿಯ ಯೊಹಾನೆಸ್ ವಾಲ್ಟರ್ 1894ರಲ್ಲಿ ನಿಯಮವಾಗಿಯೇ ಹೇಳಿದರು.

ಮರಳಿನ ಒಳಗೂ ಗೆರೆಗಳಿರುತ್ತವೆ. ನೀರು ಮರಳನ್ನು ಸಣ್ಣ ದಿಬ್ಬವಾಗಿ ತಳ್ಳುತ್ತ ಹೋದಾಗ ದಿಬ್ಬದ ಮುಂಭಾಗದಿಂದ ಕಣಗಳು ಜಾರಿ ಓರೆಯಾದ ಪದರಗಳಾಗುತ್ತವೆ. ಆ ಓರೆ ಯಾವ ಕಡೆಗೆ ಇಳಿದಿದೆಯೋ ನೀರು ಆ ಕಡೆಗೆ ಹರಿದಿತ್ತು. ಬಾದಾಮಿಗೆ ಹೋದವರು ಮುಂದಿನ ಸಲ ಗುಹಾಲಯದ ಶಿಲ್ಪಗಳನ್ನು ನೋಡಿದ ಮೇಲೆ ಪಕ್ಕದ ಬಂಡೆಯನ್ನೂ ಒಮ್ಮೆ ನೋಡಿ. ಕೆಂಪು ಮರಳುಗಲ್ಲಿನಲ್ಲಿ ಇಂಥ ಓರೆ ಗೆರೆಗಳು ಬರಿಗಣ್ಣಿಗೇ ಕಾಣುತ್ತವೆ. ಚಾಲುಕ್ಯರು ಮೂರನೆಯ ಗುಹೆಯನ್ನು ಕೊರೆಸಿದ್ದು ಕ್ರಿ.ಶ. 578ರಲ್ಲಿ. ಆ ಮರಳನ್ನು ನದಿಗಳು ಹಾಸಿದ್ದಾದರೋ ನೆಲದ ಮೇಲೆ ಇನ್ನೂ ಗಿಡಮರವೇ ಇಲ್ಲದ ಕಾಲದಲ್ಲಿ. ದಡ ಹಿಡಿದಿಡುವ ಬೇರುಗಳಿಲ್ಲದ ಆ ಕಾಲದಲ್ಲಿ ನದಿಗಳು ಹೆಚ್ಚಾಗಿ ಅಗಲವಾಗಿ, ಜಡೆ ಬಿಚ್ಚಿದಂತೆ ಹತ್ತಾರು ಕವಲಾಗಿ ಹರಿಯುತ್ತಿದ್ದವೆಂದು ಭೂವಿಜ್ಞಾನಿಗಳು ಹೇಳುತ್ತಾರೆ.

ನಮ್ಮ ಸೇಂಟ್ ಲೂಯಿಸ್‌ನ ಹಿರಿಯ ಸದಸ್ಯರು 1993ರ ನೆರೆಯನ್ನು ಇನ್ನೂ ನೆನೆಯುತ್ತಾರೆ. ಆ ಆಗಸ್ಟ್ 1ರಂದು ಮಿಸಿಸಿಪ್ಪಿ ಇಲ್ಲಿ 49.58 ಅಡಿ ಏರಿತ್ತು. ಇಂಥ ಹಳೆಯ ನೆರೆಗಳ ದಾಖಲೆ ನದಿಯೇ ಬಿಟ್ಟುಕೊಟ್ಟ ತಿರುವುಗಳ ಕೆರೆಗಳಲ್ಲಿದೆ. ಹೊಳೆಯ ಆಚೆ ದಡದ ಕಹೋಕಿಯಾ ದಿಬ್ಬಗಳನ್ನು ನಾವೆಲ್ಲ ಮಕ್ಕಳೊಂದಿಗೆ ಹತ್ತಿದ್ದೇವೆ. ಅದರ ಹತ್ತಿರದ ಹಾರ್ಸ್‌ಶೂ ಕೆರೆಯ ತಳದಿಂದ ತೆಗೆದ ಹೂಳಿನ ಕಂಬಗಳಲ್ಲಿ ದೊಡ್ಡ ನೆರೆಗಳು ಬಿಟ್ಟ ನವಿರಾದ ಪದರಗಳಿವೆ. 2015ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಕ್ರಿ.ಶ. 600ರಿಂದ 1200ರವರೆಗೆ ಅಲ್ಲಿ ಮಹಾನೆರೆಗಳ ಗುರುತಿಲ್ಲ. ಆ ನೆಮ್ಮದಿಯ ಕಾಲದಲ್ಲೇ ಪಟ್ಟಣ ಬೆಳೆಯಿತು. 1200ರ ಸುಮಾರಿಗೆ ನೆರೆ ಮರಳಿ ಬಂತು. ಪಟ್ಟಣ ಖಾಲಿಯಾಗಲು ಅದೊಂದೇ ಕಾರಣವೆಂದು ಯಾರೂ ಹೇಳುತ್ತಿಲ್ಲ. ಆದರೆ ನಾವು ಪಿಕ್ನಿಕ್ ಮಾಡುವ ಜಾಗದ ಕೆಸರಿನಲ್ಲೂ ಒಂದು ಊರಿನ ಏಳುಬೀಳು ಬರೆದಿದೆ ಎಂಬುದು ಸಣ್ಣ ಮಾತಲ್ಲ.

ಕಳೆದುಹೋದ ನದಿಯ ಹಾಸಿಗೆಯ ಬಳಿ

ಈಗ ಜಗಳದ ವಿಷಯಕ್ಕೆ ಬರೋಣ.

ಹರಿಯಾಣ, ಪಂಜಾಬ್, ರಾಜಸ್ಥಾನಗಳ ಮೂಲಕ ಘಗ್ಗರ್ ಎಂಬ ಹೊಳೆ ಹರಿದು, ಪಾಕಿಸ್ತಾನದ ಚೋಲಿಸ್ತಾನ ಮರುಭೂಮಿಯಲ್ಲಿ ಹಾಕ್ರಾ ಎಂಬ ಒಣಪಾತ್ರವಾಗಿ ಮುಂದುವರಿಯುತ್ತದೆ. ಇಂದು ಅದು ಶಿವಾಲಿಕ್ ಬೆಟ್ಟಗಳ ಮಳೆನೀರಿನ ಹೊಳೆ. ಮಳೆಗಾಲ ಮುಗಿದರೆ ಕೆಳಪಾತ್ರ ಒಣಗುತ್ತದೆ. ಆದರೆ ಅದರ ಹಳೆಯ ಪಾತ್ರ ಅಷ್ಟು ಸಣ್ಣ ಹೊಳೆಗೆ ಹೊಂದದಷ್ಟು ಅಗಲ. ಆ ಪಾತ್ರದ ಉದ್ದಕ್ಕೂ ಹರಪ್ಪ ಸಂಸ್ಕೃತಿಯ ನೂರಾರು ನೆಲೆಗಳಿವೆ. ರಾಜಸ್ಥಾನದ ಕಾಲೀಬಂಗನ್ ಅವುಗಳಲ್ಲೊಂದು. 1960ರ ದಶಕದಲ್ಲಿ ಬಿ. ಬಿ. ಲಾಲ್ ಮತ್ತು ಬಿ. ಕೆ. ಥಾಪರ್ ಅಲ್ಲಿ ಉತ್ಖನನ ನಡೆಸಿದಾಗ ಉತ್ತ ಹೊಲದ ನೇಗಿಲ ಸಾಲು ಕೂಡ ಸಿಕ್ಕಿತು.

ಋಗ್ವೇದ ಸರಸ್ವತಿಯನ್ನು ಮಹಾನದಿಯಾಗಿ ಹೊಗಳುತ್ತದೆ. ನದಿಗಳ ಹೆಸರು ಹೇಳುವ ಸೂಕ್ತದಲ್ಲಿ ಅದು ಯಮುನೆಗೂ ಶುತುದ್ರಿಗೂ, ಎಂದರೆ ಇಂದಿನ ಸಟ್ಲೆಜ್‌ಗೂ, ನಡುವೆ ಬರುತ್ತದೆ. ಮಹಾಭಾರತದ ಹೊತ್ತಿಗೆ ಅದು ವಿನಶನ ಎಂಬಲ್ಲಿ ಮರಳಿನಲ್ಲಿ ಮರೆಯಾಗುವ ನದಿ. ಹೀಗಾಗಿ ಆ ಒಣಪಾತ್ರವೇ ಸರಸ್ವತಿ ಎಂಬ ಮಾತು ಹತ್ತೊಂಬತ್ತನೆಯ ಶತಮಾನದಿಂದಲೂ ಇದೆ. ಅದನ್ನು ವಿಸ್ತಾರವಾಗಿ ವಾದಿಸಿದವರಲ್ಲಿ ಒಬ್ಬರು ಸಿ. ಎಫ್. ಓಲ್ಡ್‌ಹ್ಯಾಮ್. 1893ರಲ್ಲಿ ಅವರು ಬರೆದ ಪ್ರಬಂಧದಲ್ಲಿ, ಹಾಕ್ರಾದಲ್ಲಿ ಒಂದು ಕಾಲಕ್ಕೆ ಸಟ್ಲೆಜ್‌ನ ನೀರು ಹರಿಯುತ್ತಿತ್ತು ಎಂದಿದ್ದಾರೆ. ಅವರು ಭೂವಿಜ್ಞಾನಿಯಲ್ಲ, ಸೈನ್ಯದ ಸರ್ಜನ್! ಊರೂರು ತಿರುಗುವ ವೈದ್ಯ ದಾರಿಯಲ್ಲಿ ಕಂಡದ್ದನ್ನು ಬರೆದಿಟ್ಟಿದ್ದ. ನಮಗೆ ಇದನ್ನು ಓದಿ ಆದ ಸಂತೋಷವನ್ನು ಬಳಗದ ಉಳಿದವರು ‘ಜಾತಿ ಅಭಿಮಾನ’ ಎಂದು ಹಾಸ್ಯ ಮಾಡಿದರು. ಮುಂದೆ 1980ರಲ್ಲಿ ಯಶ್ ಪಾಲ್ ಮತ್ತು ಸಂಗಡಿಗರು ಉಪಗ್ರಹದ ಚಿತ್ರಗಳಲ್ಲಿ ಆ ಅಗಲವಾದ ಹಳೆಯ ಪಾತ್ರವನ್ನು ಗುರುತಿಸಿದರು.

ಆದರೆ ಚಿತ್ರ ಎಂದರೆ ಎಕ್ಸ್‌ರೇ ಇದ್ದಂತೆ. ನೆರಳು ಕಾಣುತ್ತದೆ, ರೋಗ ಯಾವುದು, ಎಷ್ಟು ದಿನದ್ದು ಎಂದು ತಿಳಿಯುವುದಿಲ್ಲ. ಇಲ್ಲಿ ನಮ್ಮದೇ ಒಂದು ತಪ್ಪನ್ನು ಹೇಳಿಬಿಡಬೇಕು. ರೆಸಿಡೆನ್ಸಿಯ ದಿನಗಳಲ್ಲಿ ಭಾರತದಿಂದ ಆಗಷ್ಟೇ ಬಂದಿದ್ದ ಹಿರಿಯರೊಬ್ಬರು ನಮ್ಮ ವಾರ್ಡಿಗೆ ಸೇರಿದರು. ಜ್ವರ, ತೂಕ ಇಳಿದಿತ್ತು, ಎದೆಯ ಎಕ್ಸ್‌ರೇಯಲ್ಲಿ ಗಂಟುಗಳು. ಉಳಿದವರು ಯೋಚಿಸುವ ಮೊದಲೇ ನಾವು ‘ಕ್ಷಯ’ ಎಂದೆವು. ನಮ್ಮ ದೇಶ, ನಮ್ಮ ರೋಗ, ನಮಗಿಂತ ಚೆನ್ನಾಗಿ ಬಲ್ಲವರಾರು? ಮೂರು ವಾರ ಔಷಧ ನಡೆಯಿತು. ಕೊನೆಗೆ ಬಯಾಪ್ಸಿ ಆದಾಗ ಅದು ಲಿಂಫೋಮಾ. ಆ ಮೂರು ವಾರವನ್ನು ಅವರಿಗೆ ಹಿಂದಿರುಗಿಸಲು ನಮ್ಮಿಂದ ಆಗಲಿಲ್ಲ. ನಾವು ಎಕ್ಸ್‌ರೇ ನೋಡಿರಲಿಲ್ಲ, ನಮ್ಮ ಮನಸ್ಸಿನಲ್ಲಿ ಮೊದಲೇ ಇದ್ದುದನ್ನು ಅದರಲ್ಲಿ ನೋಡಿದ್ದೆವು.

ಘಗ್ಗರ್‌ಗೂ ಬಯಾಪ್ಸಿ ಬೇಕಿತ್ತು. ಅದನ್ನು ಮಾಡಿದರು.

ನೆಲದ ಬಯಾಪ್ಸಿ

ಐಐಟಿ ಕಾನ್ಪುರದ ರಾಜೀವ್ ಸಿನ್ಹಾ, ಅಜಿತ್ ಸಿಂಗ್, ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಜೀವ್ ಗುಪ್ತಾ ಮೊದಲಾದವರು ಕಾಲೀಬಂಗನ್ ಮತ್ತು ಸುತ್ತಮುತ್ತ ಹಳೆಯ ಪಾತ್ರದಲ್ಲಿ ಆಳದವರೆಗೆ ಕೊರೆದು ಮಣ್ಣಿನ ಕಂಬಗಳನ್ನು ಎತ್ತಿದರು. ಅವರ ಅಧ್ಯಯನ 2017ರಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ ಪತ್ರಿಕೆಯಲ್ಲಿ ಬಂತು. ಕೆಳಗೆ ಬೂದುಬಣ್ಣದ, ಅಭ್ರಕ ತುಂಬಿದ ಮರಳಿನ ದಪ್ಪ ಹಾಸು. ನಮ್ಮ ಹಳ್ಳಿಗಳಲ್ಲಿ ಕಾಗೆಬಂಗಾರ ಎನ್ನುತ್ತಾರಲ್ಲ, ಅದು. ಇಂದು ಹಿಮಾಲಯದಿಂದ ಇಳಿಯುವ ದೊಡ್ಡ ನದಿಗಳ ಮರಳು ಇರುವುದು ಹೀಗೆಯೇ. ಅದರ ಮೇಲೆ ಕಂದುಬಣ್ಣದ ನವಿರಾದ ಮರಳು, ಹೂಳು, ಜೇಡಿ. ಎಂದರೆ ಮೊದಲು ಒಂದು ಭಾರಿ ನದಿ, ಆಮೇಲೆ ಅದೇ ಹಾಸಿಗೆಯಲ್ಲಿ ಒಂದು ಸಣ್ಣ ಹೊಳೆ.

ಆ ಭಾರಿ ನದಿ ಯಾವುದು? ಮರಳಿನಲ್ಲಿ ಜಿರ್ಕಾನ್ ಎಂಬ ಸಣ್ಣ ಹರಳುಗಳಿರುತ್ತವೆ, ಬಹು ಗಟ್ಟಿಜೀವ. ಬೆಟ್ಟ ಸವೆದು ಮರಳಾದರೂ ಅವು ಅಳಿಯುವುದಿಲ್ಲ. ಅವುಗಳೊಳಗಿನ ಯುರೇನಿಯಂ ಸದ್ದಿಲ್ಲದೆ ಸೀಸವಾಗುತ್ತ ಹೋಗುತ್ತದೆ. ಎಷ್ಟು ಸೀಸವಾಗಿದೆ ಎಂದು ಅಳೆದರೆ ಹರಳಿನ ವಯಸ್ಸು ಸಿಗುತ್ತದೆ. ಒಂದೊಂದು ನದಿ ಒಂದೊಂದು ಬಗೆಯ ಬೆಟ್ಟಗಳನ್ನು ಸವೆಸಿ ಬರುವುದರಿಂದ ಅದರ ಮರಳಿನಲ್ಲಿ ಈ ವಯಸ್ಸುಗಳ ಮಿಶ್ರಣವೂ ಬೇರೆ. ಅದು ನದಿಯ ಬೆರಳಚ್ಚು. ಕಾಲೀಬಂಗನ್‌ನ ಬೂದುಮರಳಿನ ಬೆರಳಚ್ಚು ಸಟ್ಲೆಜ್‌ಗೆ ಹೊಂದಿತು. ಟಿಬೆಟ್ಟಿನಲ್ಲಿ ಹುಟ್ಟಿ ಹಿಮಾಲಯವನ್ನು ಅಡ್ಡಹಾಯ್ದು ಬರುವ ಸಟ್ಲೆಜ್! ಸರ್ಜನ್ ಓಲ್ಡ್‌ಹ್ಯಾಮ್ ಊಹೆ 124 ವರ್ಷಗಳ ನಂತರ ಲ್ಯಾಬಿನಲ್ಲಿ ಪಾಸಾಯಿತು. ಇದಕ್ಕೂ ಮುಂಚೆ, 2012ರಲ್ಲಿ, ಪೀಟರ್ ಕ್ಲಿಫ್ಟ್ ತಂಡದವರು ಚೋಲಿಸ್ತಾನದ ಜಿರ್ಕಾನ್ ನೋಡಿ, ಬಹು ಹಿಂದೆ ಯಮುನೆಯ ನೀರೂ ಈ ಕಡೆಗೇ ಹರಿದಿತ್ತೆಂದೂ, ಸುಮಾರು 49,000 ವರ್ಷಗಳ ಹಿಂದೆಯೇ ಅದು ಪೂರ್ವಕ್ಕೆ ತಿರುಗಿತ್ತೆಂದೂ ಹೇಳಿದ್ದರು.

ಇಲ್ಲಿಯವರೆಗೆ ಓದಿದಾಗ ಮೇಷ್ಟ್ರ ಮುಖ ಅರಳಿತು. ಎಂಜಿನಿಯರ್ ಗೆಳೆಯರು ಸುಮ್ಮನೆ ಕಾಫಿ ಕುಡಿದರು. ಉಳಿದದ್ದು ‘ಯಾವಾಗ’ ಎಂಬ ಪ್ರಶ್ನೆ.

ಎಕ್ಸ್‌ರೇ ವಿಭಾಗದಲ್ಲಿ ಕೆಲಸ ಮಾಡುವವರು ಅಂಗಿಗೆ ಒಂದು ಬ್ಯಾಡ್ಜ್ ಸಿಕ್ಕಿಸಿಕೊಂಡಿರುವುದನ್ನು ನೋಡಿದ್ದೀರಿ. ಮೈಗೆ ತಾಗಿದ ವಿಕಿರಣದ ಲೆಕ್ಕವನ್ನು ಅದು ಕೂಡಿಡುತ್ತದೆ. ಲ್ಯಾಬಿನಲ್ಲಿ ಅದರ ಮೇಲೆ ಬೆಳಕು ಬಿಟ್ಟರೆ ಅದೂ ಮಿನುಗಿ ಲೆಕ್ಕ ಒಪ್ಪಿಸುತ್ತದೆ. ಮರಳಿನ ಕಣವೂ ಅಂಥದೇ ಒಂದು ಬ್ಯಾಡ್ಜ್. ಬಿಸಿಲಿನಲ್ಲಿದ್ದಾಗ ಅದರ ಲೆಕ್ಕ ಸೊನ್ನೆ. ಮಣ್ಣಿನಡಿ ಹೂತುಹೋದ ಕ್ಷಣದಿಂದ ಸುತ್ತಲಿನ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳ ವಿಕಿರಣವನ್ನು ಅದು ಕೂಡಿಡತೊಡಗುತ್ತದೆ. ಬೆಳಕು ಸೋಕದಂತೆ ಎತ್ತಿ ತಂದು, ಮಂದವಾದ ಕೆಂಪು ದೀಪದ ಕೋಣೆಯಲ್ಲಿ ಪರೀಕ್ಷಿಸಿದರೆ, ಅದು ಕೊನೆಯ ಸಲ ಸೂರ್ಯನನ್ನು ಕಂಡದ್ದು ಯಾವಾಗ ಎಂದು ತಿಳಿಯುತ್ತದೆ. 1985ರಲ್ಲಿ ಡೇವಿಡ್ ಹಂಟ್ಲಿ ಮತ್ತು ಸಂಗಡಿಗರು ಈ ವಿಧಾನವನ್ನು ತೋರಿಸಿಕೊಟ್ಟರು.

ಆ ಲೆಕ್ಕದ ಪ್ರಕಾರ ಸಟ್ಲೆಜ್ ಸುಮಾರು 15,000 ವರ್ಷಗಳ ಹಿಂದಿನಿಂದ ಬೇರೆ ದಾರಿ ಹಿಡಿಯತೊಡಗಿ, 8,000 ವರ್ಷಗಳ ಹಿಂದಿನ ಹೊತ್ತಿಗೆ ಪೂರ್ತಿಯಾಗಿ ಇಂದಿನ ಪಾತ್ರಕ್ಕೆ ಹೊರಟುಹೋಗಿತ್ತು. ಹರಪ್ಪದ ನಗರಗಳು ಉಚ್ಛ್ರಾಯದಲ್ಲಿದ್ದುದು ಕ್ರಿ.ಪೂ. 2600ರಿಂದ 1900ರವರೆಗೆ, ಎಂದರೆ ಇಂದಿಗೆ 4,600 ವರ್ಷಗಳಿಂದ ಈಚೆಗೆ. ನದಿ ಬಿಟ್ಟುಹೋಗಿ ಮೂರು ಸಾವಿರ ವರ್ಷಗಳಾದ ಮೇಲೆ ಆ ಖಾಲಿ ಹಾಸಿಗೆಯ ಬಳಿ ಪಟ್ಟಣಗಳು ಎದ್ದವು!

ಈಗ ಎಂಜಿನಿಯರ್ ಗೆಳೆಯರ ಮುಖ ಅರಳಿತು. ಮೇಷ್ಟ್ರು ಕಾಫಿ ಲೋಟ ಹಿಡಿದರು.

ಆದರೆ ಸಂಶೋಧಕರು ಹೇಳುವುದನ್ನು ಪೂರ್ತಿ ಕೇಳಬೇಕು. ನದಿ ಹೋದದ್ದೇ ಅಲ್ಲಿ ನೆಲೆಸಿದವರಿಗೆ ಅನುಕೂಲವಾಯಿತು ಎನ್ನುತ್ತಾರೆ ಅವರು. ಹಿಮಾಲಯದ ಭಾರಿ ನದಿ ಎಂದರೆ ನೆರೆ, ಕೊರೆತ, ರಾತ್ರೋರಾತ್ರಿ ಪಾತ್ರ ಬದಲಿಸುವ ಅಪಾಯ. ಅದು ಬಿಟ್ಟುಹೋದ ತಗ್ಗಿನಲ್ಲಿ ಮಳೆಗಾಲದ ಹದವಾದ ನೀರು ಬರುತ್ತಿತ್ತು, ಹೂಳು ಮಣ್ಣು ಫಲವತ್ತಾಗಿತ್ತು, ಊರು ಕೊಚ್ಚಿಹೋಗುವ ಭಯವಿರಲಿಲ್ಲ. ಲಿವಿಯು ಜಿಯೋಸನ್ ತಂಡದ 2012ರ ಅಧ್ಯಯನವೂ ಇದಕ್ಕೆ ಹತ್ತಿರದ ಮಾತನ್ನೇ ಹೇಳಿತ್ತು. ಆ ಕಾಲದಲ್ಲಿ ಘಗ್ಗರ್ ಮುಂಗಾರಿನ ನೀರಿನ ನದಿಯೇ ಆಗಿತ್ತು, ಮುಂಗಾರು ದುರ್ಬಲವಾದಂತೆ ಅದೂ ಸೊರಗಿತು, ಜನ ಪೂರ್ವದ ಕಡೆಗೆ ಸಣ್ಣ ಹಳ್ಳಿಗಳಾಗಿ ಚದುರಿದರು ಎಂದು.

ಕಥೆ ಇಲ್ಲಿಗೂ ಮುಗಿಯಲಿಲ್ಲ. 2019ರಲ್ಲಿ ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯದ ಮತ್ತು ಐಐಟಿ ಬಾಂಬೆಯ ವಿಜ್ಞಾನಿಗಳು ಇನ್ನೊಂದು ಅಧ್ಯಯನ ಪ್ರಕಟಿಸಿದರು. ಅದರ ಪ್ರಕಾರ ಸುಮಾರು 9,000ದಿಂದ 4,500 ವರ್ಷಗಳ ಹಿಂದಿನವರೆಗೆ, ಬಹುಶಃ ಸಟ್ಲೆಜ್‌ನ ಕವಲುಗಳ ಮೂಲಕ ಎತ್ತರದ ಹಿಮಾಲಯದ ನೀರು ಬಂದು, ಘಗ್ಗರ್ ವರ್ಷವಿಡೀ ಹರಿಯುತ್ತಿತ್ತು. ಎಂದರೆ ಆರಂಭಕಾಲದ ಹಳ್ಳಿಗಳ ಜನರು ತುಂಬಿದ ನದಿಯನ್ನು ಕಂಡಿರಬಹುದು. ಅದೇ ಪಾತ್ರ, ಬೇರೆ ಕಡೆಯ ಮರಳು, ಬೇರೆ ಬಗೆಯ ಅಳತೆ, ಬೇರೆ ತೀರ್ಮಾನ. ಒಂದೇ ರೋಗಿಯ ಎರಡು ಬಯಾಪ್ಸಿ ಎರಡು ಮಾತು ಹೇಳುವುದನ್ನು ನಾವು ಆಸ್ಪತ್ರೆಯಲ್ಲೂ ಕಾಣುತ್ತೇವೆ. ಆಗ ಜಗಳವಾಡುವುದಿಲ್ಲ, ಇನ್ನೊಂದು ತುಣುಕು ತೆಗೆಯುತ್ತೇವೆ.

ಯಾರು ಗೆದ್ದರು?

ಹಾಗಾದರೆ ಗೆದ್ದವರಾರು? ಮೇಷ್ಟ್ರು ಹೇಳಿದಂತೆ ಅಲ್ಲಿ ಹಿಮಾಲಯದ ಮಹಾನದಿ ಇತ್ತು. ಅದು ಕಟ್ಟುಕಥೆಯಲ್ಲ. ಎಂಜಿನಿಯರ್ ಗೆಳೆಯರು ಹೇಳಿದಂತೆ, ಪಟ್ಟಣಗಳ ಉಚ್ಛ್ರಾಯ ಕಾಲದಲ್ಲಿ ಆ ಮಹಾನದಿ ಅಲ್ಲಿರಲಿಲ್ಲವೆಂಬುದಕ್ಕೆ ಬಲವಾದ ಸಾಕ್ಷ್ಯವಿದೆ. ನಡುವಿನ ಕಾಲದ ಬಗ್ಗೆ ಚರ್ಚೆ ನಡೆದಿದೆ. ಇನ್ನು ಅದರ ಹೆಸರು ಏನಿತ್ತೆಂದು ಮರಳು ಹೇಳುವುದಿಲ್ಲ. ಮರಳಿಗೆ ವೇಗ ಗೊತ್ತು, ದಿಕ್ಕು ಗೊತ್ತು, ಹುಟ್ಟಿದ ಬೆಟ್ಟ ಗೊತ್ತು, ಹೂತುಹೋದ ದಿನ ಗೊತ್ತು. ಹೆಸರು ಗೊತ್ತಿಲ್ಲ. ಹೆಸರಿಡುವವರು ನಾವು. ಮರಳಿನ ಬಾಯಲ್ಲಿ ನಮ್ಮ ಮಾತು ಹೇಳಿಸಹೊರಟಾಗಲೇ ಜಗಳ ಹುಟ್ಟುವುದು.

ಹುಡುಗಿ ಇದನ್ನೆಲ್ಲ ಎಂಟು ಹಾಳೆಯಲ್ಲಿ ಬರೆದು, ಕೊನೆಯಲ್ಲಿ ‘ಗೊತ್ತಿರುವುದು’, ‘ಇನ್ನೂ ಇತ್ಯರ್ಥವಾಗದ್ದು’ ಎಂದು ಎರಡು ಪಟ್ಟಿ ಮಾಡಿದಳು. ಮೇಷ್ಟ್ರು ಅದನ್ನು ಕನ್ನಡಕ ಸರಿಮಾಡಿಕೊಂಡು ಓದಿ, ಹಳೆಯ ಅಭ್ಯಾಸದಂತೆ ಕೆಂಪು ಪೆನ್ನಿನಲ್ಲಿ ಎರಡು ಕಾಗುಣಿತ ತಿದ್ದಿ, ‘ಮೂವತ್ತೈದು ವರ್ಷ ಪಾಠ ಹೇಳಿದೆ, ಈ ಎರಡನೆಯ ಪಟ್ಟಿಯನ್ನು ಮಾತ್ರ ಹುಡುಗರಿಗೆ ಬರೆಸಲೇ ಇಲ್ಲ’ ಎಂದರು. ಎಂಜಿನಿಯರ್ ಗೆಳೆಯರು ಎದ್ದು ಬಂದು, ‘ಸಾರ್, ಹಳ್ಳ ಅಂದದ್ದು ತಪ್ಪಾಯಿತು’ ಎಂದರು. ಮುಂದಿನ ಶನಿವಾರದ ಬಿಸಿಬೇಳೆಭಾತು ಬಿಸಿಯಾಗಿಯೇ ಖರ್ಚಾಯಿತು.

ಮತ್ತೆ ತಲಕಾಡಿಗೆ

ಮುಗಿಸುವ ಮುನ್ನ ಒಮ್ಮೆ ನಮ್ಮ ಕಾವೇರಿಯ ದಡಕ್ಕೆ ಹೋಗಿಬರೋಣ. ಅಲಮೇಲಮ್ಮನ ಶಾಪದ ಐತಿಹ್ಯ ನಿಮಗೆಲ್ಲ ಗೊತ್ತು. 1610ರಲ್ಲಿ ಶ್ರೀರಂಗಪಟ್ಟಣ ರಾಜ ಒಡೆಯರ ಕೈಸೇರಿದಾಗ, ಒಡವೆ ಕಾಪಾಡಿಕೊಳ್ಳಲು ಹೋಗಿ ಮಾಲಂಗಿಯಲ್ಲಿ ನದಿಗೆ ಹಾರಿದ ಆಕೆ ತಲಕಾಡಿಗೆ ಮರಳನ್ನೂ ಮಾಲಂಗಿಗೆ ಮಡುವನ್ನೂ ಶಾಪವಾಗಿ ಕೊಟ್ಟಳಂತೆ. ಈಗ ಎರಡನೆಯ ಪಾಠವನ್ನು ನೆನೆಯಿರಿ. ತಿರುವಿನ ಒಳಮಗ್ಗುಲಲ್ಲಿ ಮರಳು, ಎದುರು ದಡದಲ್ಲಿ ಮಡು. ಕಾವೇರಿ ಅಲ್ಲಿ ಬಲವಾಗಿ ತಿರುಗುತ್ತದೆ. ತಲಕಾಡು ಒಂದು ದಡ, ಮಾಲಂಗಿ ಎದುರು ದಡ. ಶಾಪವನ್ನು ಮೊದಲು ಹೇಳಿದವರು ಯಾರೇ ಇರಲಿ, ಅವರು ನದಿಯನ್ನು ಸರಿಯಾಗಿ ನೋಡಿದ್ದರು!

ಆ ಮರಳು ದೇಗುಲಗಳನ್ನು ಮುಚ್ಚಿದ್ದು ಮಾತ್ರ ನೀರಿನಿಂದಲ್ಲ, ಗಾಳಿಯಿಂದ. ಗಾಳಿ ಆರಿಸಿ ತಂದ ಮರಳಿನ ಕಣಗಳು ಹೆಚ್ಚುಕಡಿಮೆ ಒಂದೇ ಗಾತ್ರದವು. ಅದರಲ್ಲಿ ಗರಸಿರುವುದಿಲ್ಲ, ಜೇಡಿಯಿರುವುದಿಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಮೇಲುಹೊಳೆಗೆ ಮಾಧವಮಂತ್ರಿ ಅಣೆ ಕಟ್ಟಿದ ಮೇಲೆ ನೀರು ಇಳಿದು, ಪಾತ್ರದ ಮರಳು ಬಯಲಾಗಿ, ಗಾಳಿಗೆ ಸಿಕ್ಕಿತು ಎಂದು ಕೃಷಿವಿಜ್ಞಾನಿಯೂ ಕಾದಂಬರಿಕಾರರೂ ಆದ ಕೆ. ಎನ್. ಗಣೇಶಯ್ಯನವರು ವಾದಿಸಿದ್ದಾರೆ. ನೆಲದ ಅಲುಗಾಟವೇ ಕಾರಣವೆನ್ನುವವರೂ ಇದ್ದಾರೆ. ಅಲ್ಲಿ ಹೂತುಹೋಗದೆ ನಿಂತ ಗುಡಿ ವೈದ್ಯೇಶ್ವರನದು ಎಂದು ಹೇಳಿದರೆ ಬಳಗದವರು ಮತ್ತೆ ‘ಜಾತಿ ಅಭಿಮಾನ’ ಎನ್ನುತ್ತಾರೆ, ಇರಲಿ.

ನಮಗೆ ನೋವಾಗುವ ಮಾತು ಒಂದಿದೆ. ಊರಿಗೆ ಹೋದಾಗಲೆಲ್ಲ ನದಿಪಾತ್ರದಲ್ಲಿ ಮರಳು ತುಂಬಿಕೊಂಡು ನಿಂತ ಲಾರಿಗಳನ್ನು ಕಾಣುತ್ತೇವೆ. ಬೆಂಗಳೂರಿನಲ್ಲಿ ನಾವು ಕೊಂಡ ಫ್ಲಾಟುಗಳ ಗಾರೆಯಲ್ಲೂ ಅದೇ ಮರಳಿದೆ, ಆದ್ದರಿಂದ ಬೇರೆಯವರತ್ತ ಬೆರಳು ತೋರಿಸುವ ಹಕ್ಕು ನಮಗಿಲ್ಲ. ಒಮ್ಮೆ ಕೆದಕಿದ ಮರಳಿಗೆ ಬಿಸಿಲು ಬಿದ್ದರೆ ಅದರ ಬ್ಯಾಡ್ಜಿನ ಲೆಕ್ಕ ಸೊನ್ನೆಯಾಗುತ್ತದೆ. ಪದರಗಳ ಕ್ರಮ ಹೋಗುತ್ತದೆ. ರೋಗಿ ಇನ್ನೂ ಇರುವಾಗಲೇ ಕೇಸ್ ಷೀಟು ಹರಿದು ಹಾಕಿದಂತೆ. ಮರಳು ಮತ್ತೆ ಬರಬಹುದು, ಆ ಹಾಳೆ ಮತ್ತೆ ಬರುವುದಿಲ್ಲ.

ಇಪ್ಪತ್ತೈದು ವರ್ಷಗಳ ಹಿಂದೆ ಈ ಊರಿನಲ್ಲಿ ಸಂಘ ಕಟ್ಟಿದ ಹಿರಿಯರೂ ಒಂದು ಬಗೆಯಲ್ಲಿ ಪಾತ್ರ ಬದಲಿಸಿದ ನೀರೇ. ಆ ನೀರಿನಲ್ಲೂ ಹುಟ್ಟಿದ ಬೆಟ್ಟದ ಹರಳಿದೆ. ನಮ್ಮ ಮಕ್ಕಳು ಒಂದು ದಿನ ಅದನ್ನು ಅಳೆದು ನೋಡಿದಾಗ ಇರುವುದು ಇರುವಂತೆಯೇ ಸಿಗಲಿ. ನಾವು ಹೆಚ್ಚು ಹೇಳಿದ್ದೂ ಬೇಡ, ಕಡಿಮೆ ಹೇಳಿದ್ದೂ ಬೇಡ. ‘ಗೊತ್ತಿರುವುದು’, ‘ಇನ್ನೂ ಇತ್ಯರ್ಥವಾಗದ್ದು’ ಎಂಬ ಎರಡು ಪಟ್ಟಿಗಳನ್ನೂ ಅವರ ಕೈಗೆ ಕೊಡೋಣ.

ಊಟ ಆರುತ್ತಿದೆ ಎಂದು ಅಡುಗೆಮನೆಯಿಂದ ಸನ್ನೆ ಬರುತ್ತಿದೆ. ಒಮ್ಮೆ ಆರಿದ್ದು ಸಾಕು.